ಬಜಪೆ ರನ್‌ವೇ, ಮಳೆಗಾಲ ಮತ್ತು ‘ಹಾರಬಹುದು’ ಎಂಬ ಅನುಮತಿ: ಸಂಸದರಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ.

ಕೆಟ್ಟಿದ್ದರೂ ವಿಮಾನ ಹಾರಲು ಅಡ್ಡಿಯಿಲ್ಲದ ಸಾಧನಗಳು ಯಾವುವು, ಅವನ್ನು ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಹೇಳುವ ಪುಸ್ತಕಕ್ಕೆ ಎಂಇಎಲ್ ಎನ್ನುತ್ತಾರೆ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಒಪ್ಪಿದ ಪುಸ್ತಕವದು. ‘ಬಿ’ ವರ್ಗದ ದೋಷಕ್ಕೆ 3 ದಿನ, ‘ಸಿ’ ವರ್ಗಕ್ಕೆ 10 ದಿನ ಗಡುವು. ಪುಸ್ತಕದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅದು ಒಂದೊಂದು ದೋಷವನ್ನು ಬಿಡಿಬಿಡಿಯಾಗಿ ನೋಡುತ್ತದೆ. ಎರಡು ದೋಷ ಕೂಡಿದರೆ ಏನು, ಇಂದು ಇಳಿಯುವ ರನ್‌ವೇ ಹೇಗಿದೆ ಎಂದು ತೂಗಬೇಕಾದವರು ಕ್ಯಾಪ್ಟನ್. ಅವರು ಎಡವುವುದೂ ಅಲ್ಲೇ.

ಥ್ರಸ್ಟ್ ರಿವರ್ಸರನ್ನೇ ತೆಗೆದುಕೊಳ್ಳಿ. ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ. ಕೆಟ್ಟರೆ ಎಂಜಿನಿಯರ್ ಅದನ್ನು ಮುಚ್ಚಿದಂತೆಯೇ ಲಾಕ್ ಮಾಡಿ, ವಿಮಾನದ ದೋಷ ಬರೆದಿಡುವ ಟೆಕ್ ಲಾಗಿನಲ್ಲಿ ಬರೆದು, ಕಾಕ್‌ಪಿಟ್ಟಿನಲ್ಲಿ ಚೀಟಿ ಅಂಟಿಸಿ ವಿಮಾನ ಬಿಡುತ್ತಾರೆ. ಒಣ ರನ್‌ವೇಗೆ ಇದು ಸರಿಯೇ. ಇಳಿದು ನಿಲ್ಲಲು ಎಷ್ಟು ದೂರ ಬೇಕೆಂದು ಹೊರಡುವ ಮುಂಚೆ ಹಾಕುವ ಲೆಕ್ಕದಲ್ಲಿ ರಿವರ್ಸರಿನ ನೆರವನ್ನು ಹಿಡಿದಿರುವುದೇ ಇಲ್ಲ. ಆಟಿಯ (ಜುಲೈ–ಆಗಸ್ಟ್‌ನ) ಮಳೆಯಲ್ಲಿ ಮಾತು ಬೇರೆ. ನೀರಿನ ಮೇಲೆ ಟೈರಿನ ಹಿಡಿತ ಕುಸಿಯುತ್ತದೆ, ರಿವರ್ಸರಿನ ಪಾಲು ಹಿಗ್ಗುತ್ತದೆ. ಜೊತೆಗೆ ಒಂದು ಚಕ್ರದ ಬ್ರೇಕನ್ನೂ ಬಂದ್ ಮಾಡಿದ್ದರೆ? ಎರಡಕ್ಕೂ ಬಿಡಿಯಾಗಿ ಅನುಮತಿ ಇರಬಹುದು. ನಮ್ಮ ಮಂಗಳೂರು ವಿಮಾನ ನಿಲ್ದಾಣದ, ಅಂದರೆ ಬಜಪೆಯ ರನ್‌ವೇ 2,450 ಮೀಟರ್, ಗುಡ್ಡದ ನೆತ್ತಿ, ಎರಡೂ ತುದಿಯಾಚೆ ಕಣಿವೆ.

2007ರ ಜುಲೈ 17ರಂದು ಬ್ರೆಜಿಲ್‌ನ ಕೊಂಗೋನ್ಯಾಸ್ ವಿಮಾನ ನಿಲ್ದಾಣದಲ್ಲಿ ಎ320 ವಿಮಾನವೊಂದು ಒದ್ದೆ ರನ್‌ವೇಯಲ್ಲಿ ಇಳಿಯಿತು. ಉದ್ದ 1,940 ಮೀಟರ್. ಬಲಗಡೆಯ ರಿವರ್ಸರ್ ಬಂದ್ ಆಗಿತ್ತು, ನಿಯಮದಂತೆಯೇ. ಇಳಿದ ಮೇಲೂ ಬಲ ಇಂಜಿನ್ನಿನ ಲಿವರ್ ಹಿಂದಕ್ಕೆ ಎಳೆಯದೆ ಕ್ಲೈಂಬ್ (ಮೇಲೇರುವ ಶಕ್ತಿಯ) ಸ್ಥಾನದಲ್ಲೇ ಇತ್ತೆಂದು ರೆಕಾರ್ಡರ್ ತೋರಿಸಿತು. ಹಾಗಾಗಿ ರೆಕ್ಕೆಯ ಮೇಲೆ ಎದ್ದು ವೇಗ ತಗ್ಗಿಸುವ ಫಲಕಗಳಾದ ಸ್ಪಾಯ್ಲರ್‌ಗಳು ಏಳಲಿಲ್ಲ, ಆಟೋಬ್ರೇಕ್ ಹಿಡಿಯಲಿಲ್ಲ. 199 ಜನ ಸತ್ತರು. ಅನುಮತಿಯಿದ್ದ ದೋಷವೂ ಪೈಲಟ್ಟಿನ ಕೈಯ ರೂಢಿಯನ್ನು ಬದಲಿಸಿಬಿಡುತ್ತದೆ. ಈ ಹೊರೆ ಯಾವ ದೂರದ ಲೆಕ್ಕದಲ್ಲೂ ಕಾಣುವುದಿಲ್ಲ.

2010ರ ಮೇ 22ರಂದು ನಮ್ಮಲ್ಲಿ ವಿಮಾನ ರನ್‌ವೇ ದಾಟಿ 158 ಮಂದಿ ತೀರಿಕೊಂಡದ್ದಕ್ಕೆ ಇಂಥ ದೋಷ ಕಾರಣವಲ್ಲ, ನಿಜ. ಆದರೆ ಇಲ್ಲಿ ರನ್‌ವೇ ದಾಟಿದರೆ ಏನಾಗುತ್ತದೆಂದು ಊರಿಗೆ ಗೊತ್ತು.

ಆದ್ದರಿಂದ ಸದನದಲ್ಲಿ ಹೀಗೆ ಕೇಳಿ: ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಿವರ್ಸರ್, ಬ್ರೇಕ್, ಆಂಟಿ-ಸ್ಕಿಡ್ (ಚಕ್ರ ಜಾರದಂತೆ ತಡೆಯುವ ಸಾಧನ), ಸ್ಪಾಯ್ಲರ್, ವೈಪರ್ ಇವುಗಳ ದುರಸ್ತಿ ಬಾಕಿ ಇಟ್ಟುಕೊಂಡು ಮಂಗಳೂರಿಗೆ ಇಳಿದ ವಿಮಾನ ಎಷ್ಟು? ಎರಡು ದೋಷ ಒಟ್ಟಿಗಿದ್ದವು ಎಷ್ಟು? ಅನುಮತಿ ಇದ್ದರೂ ‘ಈ ವಿಮಾನ ಒಲ್ಲೆ’ ಎಂದ ಕ್ಯಾಪ್ಟನ್‌ಗೆ ಕಂಪನಿ ಕಾರಣ ಕೇಳಿ ನೋಟಿಸ್ ಕೊಡದಂತೆ ಯಾವ ರಕ್ಷಣೆ ಇದೆ? ಉತ್ತರ ಲಿಖಿತವಾಗಿ, ಮುಂದಿನ ಮಳೆಗಾಲಕ್ಕೆ ಮುಂಚೆ ಬೇಕು.

ಇತಿ,
ವಿಮಾನ ಸುರಕ್ಷತೆಯ ಕಾಳಜಿಯುಳ್ಳ ಮಂಗಳೂರಿಗರು