ವಾರ್ಡಿಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಐಸೊಲೇಷನ್ ವಾರ್ಡಿಗೆ ಡ್ಯೂಟಿ ಹಾಕಿದ್ದಾರೆ ಅಂತ ನೀನು ಅಂದೆ. ಕಾಯಿಲೆ ಮುಚ್ಚಿಟ್ಟು ತಡವಾಗಿ ಬಂದವರ ಮೇಲೆ ರೇಗಿದೆ ಅಂತಲೂ ಅಂದೆ. ಅದನ್ನು ಕೇಳಿದಾಗಿನಿಂದ ನನಗೆ 1897ರ ಪುಣೆಯದೇ ನೆನಪು.

ಹಿಂದಿನ ವರ್ಷ ಬೊಂಬಾಯಿಗೆ ಬಂದಿದ್ದ ಪ್ಲೇಗ್ ಆಗ ಪುಣೆಗೂ ಹಬ್ಬಿತ್ತು. ಜ್ವರ ಏರಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಎದ್ದರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತಿತ್ತು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಅಂತ ಇನ್ನೂ ತಿಳಿದಿರಲಿಲ್ಲ. ಗುಣಪಡಿಸುವ ಔಷಧಿ ಬಂದದ್ದು 1940ರ ದಶಕದಲ್ಲಿ.

ಅಂಥ ಹೊತ್ತಿನಲ್ಲಿ ಸಾವಿತ್ರಿಬಾಯಿ ಫುಲೆ, ಡಾಕ್ಟರಾಗಿದ್ದ ಸಾಕುಮಗ ಯಶವಂತನ ಜೊತೆ ಊರಾಚೆ ಆಸ್ಪತ್ರೆ ನಡೆಸಿದರು. ಆ ಕಾಲದ ಆರೈಕೆ ಅಂದರೆ ಏನು ಹೇಳು? ನೀರು, ಗಂಜಿ, ಹಣೆಗೆ ಒದ್ದೆ ಬಟ್ಟೆ, ಪಕ್ಕದಲ್ಲಿ ಒಂದು ಜೀವ. ಪುಣೆ ಹತ್ತಿರದ ಮುಂಢ್ವಾದ ಮಹಾರ್ ಕೇರಿಯ ಹುಡುಗನೊಬ್ಬನಿಗೆ ಪ್ಲೇಗ್ ಅಂತ ಗೊತ್ತಾದಾಗ ತಾವೇ ಹೋಗಿ ಬೆನ್ನ ಮೇಲೆ ಹೊತ್ತು ತಂದರು. ಆಗ ಅವರಿಗೆ 66 ವರ್ಷ! ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

ಅದೇ ತಿಂಗಳು ರ‍್ಯಾಂಡ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಕೆಳಗೆ ಸೈನಿಕರು ಪುಣೆಯ ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕತೊಡಗಿದರು. ರೋಗಿಯನ್ನು ಆಸ್ಪತ್ರೆಗೆ ಒಯ್ದರೆ ಮನೆಯವರನ್ನು ಬೇರೆ ಇಡುವ ಕ್ಯಾಂಪಿಗೆ ಕಳಿಸುತ್ತಿದ್ದರು. ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಪ್ಲೇಗಿಗಿಂತ ಆಸ್ಪತ್ರೆಯ ಭಯವೇ ಜಾಸ್ತಿ ಆಯಿತು. ಎರಡೂ ಕಡೆ ಮಾಡಿದ್ದು ರೋಗಿಯನ್ನು ಬೇರೆ ಇಡುವ ಕೆಲಸವೇ. ಕರೆತಂದ ರೀತಿ ಒಂದೇನಾ ಪುಟ್ಟಿ?

ಇದನ್ನು ಸುಮ್ನೆ ಹೇಳುತ್ತಿಲ್ಲ. ನಾನು ನರ್ಸ್ ಆಗಿದ್ದಾಗ ಒಬ್ಬ ತಾಯಿಯನ್ನು ಎಲ್ಲರ ಮುಂದೆ "ಇಷ್ಟು ದಿನ ಏನು ಮಾಡ್ತಿದ್ದೆ?" ಅಂತ ಕೂಗಾಡಿದ್ದೆ. ಅವಳ ಇನ್ನೊಂದು ಮಗುವಿಗೂ ಜ್ವರ ಶುರುವಾಗಿತ್ತು. ಅದನ್ನು ನನಗೆ ಹೇಳಲೇ ಇಲ್ಲ. ಎರಡು ದಿನದ ಮೇಲೆ ಆಯಾ ಬಂದು ಹೇಳಿದಳು. ಆ ಎರಡು ದಿನ ನನ್ನಿಂದ ಹೋದವು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಒಂದು ಮಾತು. ಸಾವಿತ್ರಿಬಾಯಿಯವರಂತೆ ಮಾಡುತ್ತೇನೆ ಅಂತ ಮಾಸ್ಕ್, ಗ್ಲೌಸ್ ಬಿಟ್ಟು ಯಾರನ್ನೂ ಮುಟ್ಟಬೇಡ. ಅವರ ಕೈಯಲ್ಲಿ ಅವು ಇರಲಿಲ್ಲ, ನಿನ್ನ ಹತ್ತಿರ ಇವೆ.

ನಾಳೆ ಹೋದಾಗ ನೀನು ರೇಗಿದ ಆ ಮನೆಯವರು ಇನ್ನೂ ಹೊರಗೆ ಬೆಂಚಿನ ಮೇಲೆ ಕೂತಿದ್ದರೆ ನೀನಾಗಿಯೇ ಹತ್ತಿರ ಹೋಗು. ರೋಗಿ ರಾತ್ರಿ ನಿದ್ದೆ ಮಾಡಿದರು, ಇಷ್ಟು ಗಂಜಿ ಕುಡಿದರು ಅಂತ ಹೇಳು. ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯಾ ಅಂತ ಆಮೇಲೆ ಕೇಳು.

ಇಂತಿ,
ನಿನ್ನ ದೊಡ್ಡಮ್ಮ