ಗಡ್ಡೆಯ ಮನೆ ನೋಡಿಕೊಳ್ಳುವ ಮಗಳಿಗೆ

ಪ್ರೀತಿಯ ಮಗಳೇ,

ಎಳ್ಳ ಅಮಾವಾಸ್ಯೆಗೆ ಗೆಳತಿಯರನ್ನು ಕರಕೊಂಡು ಹೊಳೆ ನಡುವಿನ ನಮ್ಮ ಗಡ್ಡೆಯ ಮನೆಗೆ ಬರುತ್ತೇನೆ ಅಂದಿದ್ದೀಯ. ಇನ್ನು ಮುಂದೆ ಆ ಮನೆಯ ಜವಾಬ್ದಾರಿ ನನಗೇ ಇರಲಿ ಅಂತಲೂ ಕೇಳಿದ್ದೀಯ. ನಿಮ್ಮ ಅಪ್ಪನಿಗೆ ಹೇಳಿದೆ, ಅವರು ಅವತ್ತು ಊಟದ ತುಂಬಾ ಅದೇ ಮಾತು ಆಡಿದರು. ನನಗೂ ಸಂತೋಷ ಆಗಿದೆ. ಆದರೆ ಆ ಮನೆ ನೋಡಿಕೊಳ್ಳುವುದರಲ್ಲಿ ಈಗ ಅರ್ಧ ಕೆಲಸ ಹೊಳೆ ತಂದು ಹಾಕುವ ಪ್ಲಾಸ್ಟಿಕ್ಕಿನದೇ ಆಗಿದೆ. ಮನೆ ಮೇಲಿನ ಪತ್ರಾಸು ಬದಲಿಸುವುದು, ಗೋಡೆಗೆ ಗಿಲಾವು ಹಾಕಿಸುವುದು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಅದು ಎಲ್ಲಿಂದ ಬರುತ್ತದೆ ಅನ್ನುವುದು ನಿನಗೆ ಗೊತ್ತಿರಬೇಕು. ನಮ್ಮ ಒಂದು ಮನೆಯವರು ಅಷ್ಟು ಕಸ ಮಾಡಲಿಕ್ಕೆ ಸಾಧ್ಯವೇ ಇಲ್ಲ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡ, ಸಾಂಗ್ಲಿ ದಾಟಿ, ನರಸೋಬವಾಡಿಯಲ್ಲಿ ಕೊಲ್ಹಾಪುರದ ಪಂಚಗಂಗೆಯನ್ನು ಕೂಡಿಕೊಂಡು ಬೆಳಗಾವಿ ಜಿಲ್ಲೆಗೆ ಬರುತ್ತಾಳೆ. ಮುಂದೆ ದೂಧಗಂಗೆಯೂ ಸೇರುತ್ತದೆ. ಕುಡಚಿ ದಾಟಿ, ಹಿಪ್ಪರಗಿ ಬ್ಯಾರೇಜ್ ದಾಟಿ ನಮ್ಮ ಜಮಖಂಡಿ ಸೀಮೆಗೆ ಬರುವ ಹೊತ್ತಿಗೆ ಎಷ್ಟು ಊರಿನ ಗಟಾರ, ಎಷ್ಟು ಸಂತೆಯ ಕಸ ಅವಳಿಗೆ ಬಿದ್ದಿರುತ್ತದೆ, ನೀನೇ ಲೆಕ್ಕ ಹಾಕು. ನಮ್ಮ ದಂಡೆಯಲ್ಲಿ ಸಿಗುವ ಹಾಲಿನ ಪ್ಯಾಕೆಟ್ ತಿರುಗಿಸಿ ನೋಡು. ಎಷ್ಟೋ ಪ್ಯಾಕೆಟ್ ಮೇಲೆ ಮರಾಠಿ ಅಕ್ಷರ ಇರುತ್ತವೆ. ಹಾಗಂತ ಅವರನ್ನೇ ಬೈಯಬೇಡ. ನಮ್ಮ ಕಡೆಯಿಂದ ಹೋದ ಕನ್ನಡದ ಪ್ಯಾಕೆಟ್ ಕೆಳಗಿನ ಊರಿನವರ ಹೊಲದಲ್ಲಿ ಬಿದ್ದಿರುತ್ತದೆ.

ಶ್ರಾವಣದಲ್ಲಿ ಹೊಳೆ ತುಂಬಿ ಬರುವಾಗ ಕೆಳಗೆ ಆಲಮಟ್ಟಿಯ ಹಿನ್ನೀರು ಏರುತ್ತಾ ಇರುತ್ತದೆ. ಜೋರಾಗಿ ಓಡಿ ಬಂದ ನೀರು ನಮ್ಮ ಹತ್ತಿರ ಬಂದು ನಿಧಾನ ಆಗುತ್ತದೆ. ನಿಧಾನ ಆದ ನೀರಿಗೆ ಹೊತ್ತು ತಂದಿದ್ದನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ರೇವೆ ಮಣ್ಣು ಇಳಿಯುತ್ತದೆ, ಅದರ ಜೊತೆ ಕ್ಯಾರಿಬ್ಯಾಗೂ ಇಳಿಯುತ್ತದೆ. ತೆಳ್ಳನೆಯ ಆ ಚೀಲ ನೀರಿಗಿಂತ ಹಗುರ, ಬರೀ ಚೀಲ ಆದರೆ ತೇಲಿಕೊಂಡು ಹೋಗಬೇಕು. ರಾಡಿ ಮೆತ್ತಿಕೊಂಡ ಮೇಲೆ ಮುಳುಗುತ್ತದೆ. 2019ರ ಆಗಸ್ಟ್ ಮಹಾಪೂರ ಇಳಿದ ಮೇಲೆ ಮನೆ ಹಿಂದಿನ ಜಾಲಿ ಕಂಟಿ ಹೇಗಿತ್ತು, ನಿನಗೆ ನೆನಪಿರಬೇಕು.

ಕಣ್ಣಿಗೆ ಕಾಣುವ ಕಸಕ್ಕೆ ನಾನು ಅಷ್ಟು ಹೆದರುವುದಿಲ್ಲ. ಕಂಟಿಗೆ ಸಿಕ್ಕಿದ್ದನ್ನು ಕೈಯಿಂದ ಬಿಡಿಸಬಹುದು. ಮಣ್ಣಿನೊಳಗೆ ಪದರ ಪದರವಾಗಿ ಕೂತಿದ್ದು ಕಷ್ಟ. ನಮ್ಮ ಅತ್ತೆ, ಅಂದರೆ ನಿನ್ನ ಅಜ್ಜಿ, ಹೊಳೆ ಇಳಿದ ಮೇಲೆ ಹೊಲಕ್ಕೆ ಹೋಗಿ ಹೊಸ ಮಣ್ಣಿಗೆ ಕೈಮುಗಿಯುತ್ತಿದ್ದರು. ಗೊಬ್ಬರ ಇಲ್ಲದೇ ಬಿಳಿಜೋಳ ಆಳೆತ್ತರ ಬರುತ್ತಿತ್ತು. ಈಗಲೂ ಅದೇ ಮಣ್ಣು ಬರುತ್ತದೆ. ಆದರೆ ಹಿಂಗಾರಿ ಬಿತ್ತನೆಗೆ ಕೂರಿಗೆ ಹೂಡಿದರೆ ಅದರ ತಾಳಿಗೆ, ಅಂದರೆ ಮಣ್ಣು ಸೀಳುವ ಹಲ್ಲಿಗೆ, ಚೀಲ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ಕಡೆ ಕಾಳು ಬೀಳುವುದಿಲ್ಲ. ನಿಮ್ಮ ಅಪ್ಪ ನಾಲ್ಕು ಹೆಜ್ಜೆಗೊಮ್ಮೆ ಎತ್ತು ನಿಲ್ಲಿಸಿ ಬಿಡಿಸುತ್ತಾರೆ. ಅಲ್ಲೊಂದು ಇಲ್ಲೊಂದು ಉಳಿದ ಚೀಲದ ಕೆಳಗೆ ಹಸಿ ಇಳಿಯುವುದಿಲ್ಲ, ಬೇರು ದಾಟುವುದಿಲ್ಲ. ಪೈರಿನ ನಡುವೆ ಬೋಳು ಕಂಡರೆ ಅಲ್ಲಿ ಕೆದರಿ ನೋಡು, ಗೊತ್ತಾಗುತ್ತದೆ. ಹಾಗಾಗಿ ನೀರು ಇಳಿದು ಮಣ್ಣು ಕಾಲಿಗೆ ಅಂಟದಷ್ಟು ಆರಿದ ಕೂಡಲೇ ಆರಿಸಲಿಕ್ಕೆ ಶುರು ಮಾಡಬೇಕು. ಬಿಸಿಲು ಹೆಚ್ಚಾಗುವ ತನಕ ಬಿಟ್ಟರೆ ಚೀಲ ಸೆಟೆದು ಚೂರು ಚೂರು ಆಗುತ್ತದೆ. ಆಮೇಲೆ ಅದನ್ನು ಯಾವ ಕೈಯೂ ಆರಿಸಲಾರದು. ಅದು ಕೊಳೆಯುವುದಿಲ್ಲ, ಸುಮ್ನೆ ಸಣ್ಣದಾಗುತ್ತಾ ಹೋಗುತ್ತದೆ. 5 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರಲ್ಲ, ಅದು ನಮ್ಮ ಎರೆ ಮಣ್ಣಿನಲ್ಲೇ ತಯಾರಾಗುತ್ತದೆ.

ದನದ ವಿಷಯ ಬರೆಯಲೇಬೇಕು. ಉಳಿದ ಅನ್ನ, ಪಲ್ಯ ಚೀಲದಲ್ಲಿ ಗಂಟು ಕಟ್ಟಿ ಎಸೆಯುತ್ತಾರೆ. ದನಕ್ಕೆ ಗಂಟು ಬಿಚ್ಚಲಿಕ್ಕೆ ಬರುತ್ತದೆಯೇ? ಚೀಲ ಸಮೇತ ನುಂಗುತ್ತದೆ. ಅದು ದನದ ಮೊದಲ ಹೊಟ್ಟೆಯಲ್ಲೇ ನಿಲ್ಲುತ್ತದೆ. ಮುಂದೆ ಹೋಗುವುದಿಲ್ಲ, ಮೆಲುಕಿಗೂ ಮೇಲೆ ಬರುವುದಿಲ್ಲ. ಚೀಲದ ಮೇಲೆ ಚೀಲ ಸೇರಿ ಗಂಟಾಗುತ್ತದೆ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈ ಮಾತ್ರ ಇಳಿಯುತ್ತಾ ಹೋಗುತ್ತದೆ. ಪಶು ವೈದ್ಯರು ಎಡ ಪಕ್ಕೆ ಕೊಯ್ದು ಕೈಯಿಂದ ತೆಗೆಯಬೇಕು. ಮೇಲಿನ ಓಣಿಯವರ ಆಕಳಿಗೆ ಹಾಗೆ ಕೊಯ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬುಟ್ಟಿ ತುಂಬಾ ಬಂತು, ನಡುವೆ ಒಂದು ನೈಲಾನ್ ಹಗ್ಗವೂ ಇತ್ತು. ಅವತ್ತಿನಿಂದ ನಮ್ಮ ಎಮ್ಮೆಗಳನ್ನು ದಂಡೆಗೆ ಬಿಡುವ ಮೊದಲು ದಂಡೆ ನೋಡಿ ಬರುವುದು ನನ್ನ ಕೆಲಸ. ಇನ್ನು ನಿನ್ನದು.

ಆರಿಸಿದ್ದನ್ನು ಏನು ಮಾಡುವುದು ಅಂತ ಕೇಳುತ್ತೀಯ. ಊರಲ್ಲಿ ಸುಲಭದ ದಾರಿ ಹೇಳುವವರು ಬಹಳ ಜನ ಸಿಗುತ್ತಾರೆ. ಕಬ್ಬಿನ ರವದಿಗೆ, ಅಂದರೆ ಒಣ ಗರಿಗೆ, ಬೆಂಕಿ ಹಚ್ಚುವಾಗ ಅದರಲ್ಲೇ ಹಾಕಿಬಿಡು ಅನ್ನುತ್ತಾರೆ. ರವದಿಯನ್ನೇ ಸುಡಬಾರದು, ಅದು ಮಣ್ಣಿಗೆ ಸೇರಬೇಕಾದದ್ದು. ಅದರ ಜೊತೆ ಪೈಪಿನ ತುಂಡು, ರೆಕ್ಸಿನ್ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಹೊಗೆ ಕುಡಿಯುವವರು ನಾವೇ. ಬೂದಿ ಬೀಳುವುದೂ ನಮ್ಮ ಹೊಲಕ್ಕೇ. ಹುಗಿದುಬಿಡು ಅನ್ನುವವರೂ ಇದ್ದಾರೆ. ಹೊಳೆ ಪ್ರತಿ ವರ್ಷ ದಂಡೆ ಕೊರೆಯುವ ಜಾಗದಲ್ಲಿ ಹುಗಿದರೆ ಅದು ಎಷ್ಟು ದಿನ ಒಳಗಿರುತ್ತದೆ?

ಇನ್ನೊಂದು ದಾರಿ ಇದೆ, ಅದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವುದು. ಹೊಳೆ ಇನ್ನೂ ಓಡುತ್ತಿರುವಾಗಲೇ ಕೋಲಿನಿಂದ ನೂಕಿಬಿಡುವುದು. ನಮ್ಮ ದಂಡೆ ಎರಡು ನಿಮಿಷದಲ್ಲಿ ಸ್ವಚ್ಛ ಆಗುತ್ತದೆ. ಮೇಲಿನ ಊರುಗಳವರು ಹಾಗೆ ನೂಕಿದ್ದೇ ಅಲ್ವಾ ನಮ್ಮಲ್ಲಿಗೆ ಬಂದಿದ್ದು? ನಾವು ನೂಕಿದ್ದು ಆಲಮಟ್ಟಿ ಹಿನ್ನೀರಿಗೆ ಹೋಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ, ರಾಜಹಂಸಗಳು ಬರುತ್ತವೆ. ಗೇಟು ದಾಟಿದ್ದು ನಾರಾಯಣಪುರ, ರಾಯಚೂರು, ತೆಲಂಗಾಣ, ಆಂಧ್ರ ಅಂತ ಹೋಗುತ್ತಾ ಕೊನೆಗೆ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಸಮುದ್ರ ನೋಡದ ನಮ್ಮ ಊರಿನ ಕಸ ಸಮುದ್ರ ನೋಡುತ್ತದೆ. ಗಡ್ಡೆಗೆ ಬಂದ ಪ್ಲಾಸ್ಟಿಕ್ ಗಡ್ಡೆಯಲ್ಲೇ ನಿಲ್ಲಬೇಕು ಮಗಳೇ. ಯಾರದ್ದಾದರೂ ಇರಲಿ, ನಮ್ಮ ಕೈಗೆ ಸಿಕ್ಕ ಮೇಲೆ ಅದು ಮತ್ತೆ ನೀರಿಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನೀನು ಯಾರ ಮಾತಿಗೂ ಬಗ್ಗಬೇಡ.

ಹಳೆಯ ಗೊಬ್ಬರ ಚೀಲಗಳಲ್ಲಿ ತುಂಬಿ ದೋಣಿಯಲ್ಲಿ ಆಚೆ ದಂಡೆಗೆ ಸಾಗಿಸುತ್ತೇವೆ. ಅಂಬಿಗರ ಕಾಕಾ ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ, ದೊಡ್ಡ ಮನಸ್ಸು. ಬಾಟಲಿ, ಡ್ರಿಪ್ ಪೈಪು, ಒಡೆದ ಕೊಡ, ಹಾಲಿನ ಪ್ಯಾಕೆಟ್ ಗುಜರಿಯವರು ಕೊಳ್ಳುತ್ತಾರೆ. ರಾಡಿ ತೊಳೆದು ಒಣಗಿಸಿರಬೇಕು ಅಷ್ಟೇ. ಕೊಳ್ಳದೇ ಇರುವುದು ಗುಟ್ಕಾ, ಶಾಂಪೂ, ಚಿಪ್ಸ್ ಚೀಟಿ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಮ್ಮು ಅಂಟಿಸಿ ಮಾಡಿದ್ದು, ಬೇರೆ ಮಾಡಲಿಕ್ಕೆ ಬರುವುದಿಲ್ಲ. ಗುಟ್ಕಾ ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಲೇಬಾರದು ಅಂತ 2016ರ ನಿಯಮದಲ್ಲಿದೆ, ಆದರೂ ದಂಡೆಯಲ್ಲಿ ಅದೇ ಹೆಚ್ಚು. ಇಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿ ಉರುವಲು ಮಾಡುವ ಪದ್ಧತಿ ದೇಶದಲ್ಲಿ ಇದೆ. ಆ ಭಟ್ಟಿಯ ಕಾವು ಬಹಳ ಜೋರು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಬರ ಇಲ್ಲ. ಪಂಚಾಯಿತಿಯವರ ಹತ್ತಿರ ಕೂತು ಈ ಮಾತು ಎತ್ತಬೇಕು ಅಂತ ನನಗೆ ಬಹಳ ದಿನದಿಂದ ಇದೆ. ನೀನು ಬಂದಾಗ ಇಬ್ಬರೂ ಹೋಗೋಣ.

ನಮ್ಮದೇ ಹೊಲದ ಪ್ಲಾಸ್ಟಿಕ್ಕಿನ ಬಗ್ಗೆಯೂ ಹೇಳುತ್ತೇನೆ. ಎಲ್ಲ ಪ್ಲಾಸ್ಟಿಕ್ ಕೆಟ್ಟದ್ದು ಅಂತ ನಾನು ಹೇಳುವವಳಲ್ಲ. ಡ್ರಿಪ್ ಪೈಪಿನಿಂದ ನೀರು ಉಳಿದಿದೆ, ಅದು ಇರಲಿ. ಬೆಳೆಗೆ ಹೊಡೆಯುವ ಔಷಧದ ಬಾಟಲಿ ಮಾತ್ರ ಜೋಪಾನ. ಔಷಧ ಪಂಪಿಗೆ ಸುರಿದ ಮೇಲೆ ಬಾಟಲಿಗೆ ಕಾಲು ಭಾಗ ನೀರು ಹಾಕಿ ಕುಲುಕಿ, ಆ ನೀರನ್ನೂ ಪಂಪಿಗೇ ಹಾಕಬೇಕು. ಹಾಗೆ ಮೂರು ಸಲ. ಆಮೇಲೆ ಬುಡಕ್ಕೆ ತೂತು ಮಾಡಿಬಿಡು, ಯಾರೂ ಅದರಲ್ಲಿ ನೀರು, ಎಣ್ಣೆ ತುಂಬಬಾರದು. ಮಳೆಗಾಲಕ್ಕೆ ಪಡಸಾಲೆಗೆ ತಾಡಪತ್ರಿ ಕಟ್ಟುವುದನ್ನು ನಾವು ಬಿಟ್ಟಿದ್ದೇವೆ. ಎರಡು ಬೇಸಿಗೆ ಕಳೆದರೆ ಅದು ಹಪ್ಪಳದ ಹಾಗೆ ಉದುರುತ್ತದೆ. ಅದರ ಬದಲು ಒಣ ಜೋಳದ ಕಣಕಿಯ ತಟ್ಟಿ ಕಟ್ಟಿಸಿದ್ದೇವೆ. ಹಳೆಯದಾದರೆ ಎಮ್ಮೆ ತಿನ್ನುತ್ತದೆ, ಉಳಿದದ್ದು ತಿಪ್ಪೆಗೆ.

ಇನ್ನು ನಿನ್ನ ಗೆಳತಿಯರು. ಅವರು ಬರಲಿ, ಹೊಲದಲ್ಲಿ ಭೂಮಿತಾಯಿಗೆ ಮನಸಾರೆ ಚರಗ ಚೆಲ್ಲಲಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ನಾನು ಮಾಡುತ್ತೇನೆ. ಮುತ್ತಲ ಎಲೆಯ ಪತ್ರಾವಳಿ ಹೇಳಿಟ್ಟಿದ್ದೇನೆ. ಒಂದು ಹುಡುಗಿಯ ಹುಟ್ಟುಹಬ್ಬ ಅಲ್ಲೇ ಮಾಡೋಣ ಅಂದಿದ್ದೀಯಲ್ಲ, ಮಾಡಿ. ಥರ್ಮಾಕೋಲ್ ಅಕ್ಷರ, ಪ್ಲಾಸ್ಟಿಕ್ ಕಡ್ಡಿಯ ಬಲೂನು, ಪ್ಲಾಸ್ಟಿಕ್ ಚಮಚ ಬೇಡ. ಅವು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಅಂಗಡಿಯಲ್ಲಿ ಸಿಕ್ಕರೂ ತರಬೇಡ. ಕಾಗದದ ಕಪ್ಪು ಅಂತ ಮೋಸ ಹೋಗಬೇಡಿ, ಅದರ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಮನೆಯಲ್ಲಿ ಹಿತ್ತಾಳೆ ಲೋಟ ಇವೆ, ಕೊಡದಲ್ಲಿ ನೀರು ಇರುತ್ತದೆ. ಕೇಕಿಗೆ ಬದಲು ಮಾದಲಿ ಮಾಡಲೇ? ಕೇಳಿ ಹೇಳು.

ಅಮಾವಾಸ್ಯೆ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗಿನವರೂ ಬಂದಿರುತ್ತಾರೆ. ಅವರು ಬಿಸಿಲಲ್ಲಿ ದುಡಿಯುವವರು, ನೀರಿನ ಬಾಟಲಿ ತಂದು ಬದುವಿನಲ್ಲಿ ಬಿಟ್ಟು ಹೋಗುತ್ತಾರೆ. ಬೈಯುವುದರಿಂದ ಉಪಯೋಗ ಇಲ್ಲ. ಈ ಸಲ ಎರಡು ಹರವಿ ನೀರು ತುಂಬಿ ದಂಡೆಯ ಬೇವಿನ ಕೆಳಗೆ ಇಡಿಸುತ್ತಿದ್ದೇನೆ, ಪಕ್ಕದಲ್ಲಿ ಕಸಕ್ಕೆ ಒಂದು ಗೊಬ್ಬರ ಚೀಲ ಕಟ್ಟಿಸುತ್ತೇನೆ. ನಿನ್ನ ಅಕ್ಷರ ಚೆಂದ. ಒಂದು ತಗಡಿನ ಮೇಲೆ ನೀರು ಇಲ್ಲಿದೆ, ಕಸ ಇಲ್ಲಿ ಹಾಕಿ ಅಂತ ದಪ್ಪಗೆ ಬರೆದು ತಾ. ಗ್ಯಾಂಗಿನಲ್ಲಿ ಮಹಾರಾಷ್ಟ್ರದವರೂ ಇದ್ದಾರೆ, ಕೆಳಗೆ ಮರಾಠಿಯಲ್ಲೂ ಬರಿ. ಓದಲು ಬಾರದವರಿಗೆ ತಂಬಿಗೆಯ ಚಿತ್ರ ಒಂದು ಇರಲಿ. ಪೇಂಟು ಮನೆಯಲ್ಲಿ ಉಳಿದಿದೆ, ಕೊಳ್ಳಬೇಡ. ಬ್ರಷ್ ಮಾತ್ರ ತಗೊಂಡು ಬಾ.

ನಿನ್ನ ಅವ್ವ