ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಅಂಚೆ

ಡೆಟ್ರಾಯಿಟ್
6 ಅಕ್ಟೋಬರ್ 2024

ಪ್ರೀತಿಯ ಅಪ್ಪ, ಅಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ನೆಗಡಿ ಪೂರ್ತಿ ಹೋಗಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಇದನ್ನು ಅಪ್ಪನಿಗೆ ಕಾಗದದಲ್ಲೇ ಬರೆಯಬೇಕು ಅನ್ನಿಸಿತು.

ನಿನ್ನೆ ಇಲ್ಲಿನ ರಿವರ್‌ವಾಕ್‌ಗೆ ಹೋಗಿದ್ದೆವು. ನದಿಯ ಅಂಚಿನಲ್ಲೇ ನಡೆಯುವ ದಾರಿ. ಕಂಬಿ ಹಿಡಿದು ನಿಂತರೆ ಕೆಳಗೆ ನೀರು, ಎದುರಿಗೆ ಕೆನಡಾ! ಕೆನಡಾ ಉತ್ತರಕ್ಕಿದೆ ಅಂತ ತಾನೇ ನಾವು ಓದಿದ್ದು? ಇಲ್ಲಿಂದ ಅದು ದಕ್ಷಿಣಕ್ಕಿದೆ. ಪುಟ್ಟಿ ಆಚೆ ದಡದ ವಿಂಡ್ಸರ್ ಊರಿಗೆ ಟಾಟಾ ಮಾಡಿದ್ದೇ ಮಾಡಿದ್ದು.

ಮೊದಲು ಇಲ್ಲಿ ದಡದ ತುಂಬ ಸಿಮೆಂಟ್ ತುಂಬಿಡುವ ಗೋಪುರಗಳು, ಕಾರು ನಿಲ್ಲಿಸುವ ಜಾಗ, ಹಳೇ ಕಾರ್ಖಾನೆಗಳು. ಊರು ನದಿಗೆ ಬೆನ್ನು ಹಾಕಿ ಕೂತಿತ್ತು ಅನ್ನಿ. 2003ರಲ್ಲಿ ದಡವನ್ನು ಸರಿಮಾಡಿ ಈ ದಾರಿ ಕಟ್ಟಲೆಂದೇ ಒಂದು ಸಂಸ್ಥೆ ಹುಟ್ಟಿತು. 2013ರಲ್ಲಿ ಊರೇ ದಿವಾಳಿ ಎದ್ದಿತು, ಆದರೂ ದಾರಿ ಬೆಳೆಯಿತು. ಯೂನಿರಾಯಲ್ ಟೈರ್ ಕಾರ್ಖಾನೆ ಇದ್ದ ಜಾಗದಲ್ಲಿ ಮಾತ್ರ ಮಣ್ಣು ಹಾಳಾಗಿತ್ತು. ಅದನ್ನು ಸರಿಮಾಡಿ ಅಲ್ಲಿ ದಾರಿ ಕೂಡಿಸುವಷ್ಟರಲ್ಲಿ 2023 ಬಂತು. ಈಗ ಬೆಲ್ ಐಲ್ ಅನ್ನುವ ನಡುಗಡ್ಡೆಯ ಸೇತುವೆಯಿಂದ ಪೇಟೆ ತನಕ ಸುಮಾರು 5.5 ಕಿಲೋಮೀಟರ್ ನಡೆಯಬಹುದು. ಟಿಕೆಟ್ ಇಲ್ಲ. ಏನೂ ಕೊಳ್ಳದೆ ಸುಮ್ನೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಈ ದೇಶದಲ್ಲಿ ಅದು ಸಣ್ಣ ಮಾತಲ್ಲ.

ಅಪ್ಪಾ, ಈಗ ನಿಮ್ಮ ವಿಷಯ. ವಾಪಸ್ ಬರುವಾಗ ಅಂಬಾಸಿಡರ್ ಸೇತುವೆ ಹತ್ತಿರ ಇಳಿದೆವು. ಅಲ್ಲಿ ವೆಸ್ಟ್‌ಕಾಟ್ ಅಂತ ಒಂದು ಪುಟ್ಟ ದೋಣಿ ಇದೆ. ಅದು ಅಂಚೆ ದೋಣಿ! ಅದಿರು ಹೊತ್ತ ಹಡಗುಗಳು, ಕೆಲವಂತೂ 1000 ಅಡಿ ಉದ್ದ, ಇಲ್ಲಿ ನಿಲ್ಲದೆ ಹೋಗುತ್ತವೆ. ಈ ದೋಣಿ ಹೋಗಿ ಓಡುತ್ತಿರುವ ಹಡಗಿನ ಮಗ್ಗುಲಿಗೆ ಅಂಟಿಕೊಳ್ಳುತ್ತದೆ. ಮೇಲಿಂದ ಹಗ್ಗಕ್ಕೆ ಕಟ್ಟಿದ ಬಕೆಟ್ ಇಳಿಯುತ್ತದೆ. ಕಾಗದ ಹಾಕಿದರೆ, ನಮ್ಮ ಹಿತ್ತಲ ಬಾವಿಯಲ್ಲಿ ಅಮ್ಮ ನೀರು ಸೇದುವ ಹಾಗೆ, ಮೇಲೆಳೆದುಕೊಳ್ಳುತ್ತಾರೆ. 1895ರಿಂದ ಹೀಗೇ ಬಟವಾಡೆ. ದೋಣಿಗೆ ಸ್ವಂತ ಪಿನ್‌ಕೋಡ್ ಕೂಡ ಇದೆ, 48222. ಮೂವತ್ತು ವರ್ಷ ಸೈಕಲ್ ತುಳಿದು ಕಾಗದ ಹಂಚಿದವರು ನೀವು. ಮಳೆಗಾಲದಲ್ಲಿ ಚೀಲವನ್ನು ರೇನ್‌ಕೋಟ್ ಒಳಗೆ ಇಟ್ಟು, ನೀವು ನೆನೆಯುತ್ತಿದ್ದಿರಿ ಅಲ್ವಾ? ಬಕೆಟ್ ಮೇಲೆ ಹೋಗುವಾಗ ಅದೇ ನೆನಪಾಯಿತು.

ಶಿವಮೊಗ್ಗದಲ್ಲೂ ತುಂಗೆಯ ದಡದಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನಿಂದ ಓಡಾಡುವ ದಾರಿ ಮಾಡಿದ್ದಾರಲ್ಲ. ಸಂಜೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಮಂಡಿನೋವು ಅಂದರೆ ಜಾಸ್ತಿ ನಡೆಸಬೇಡಿ, ಹೊಳೆ ನೋಡುತ್ತ ಕೂರಿಸಿ. ಹೇಗಿದೆ ಅಂತ ಬರೆದೇ ಕಳಿಸಿ, ಫೋನ್ ಮಾಡಿ ಮುಗಿಸಬೇಡಿ.

ಸ್ಟ್ಯಾಂಪ್ ನಾನೇ ಅಂಟಿಸುತ್ತೇನೆ ಅಂತ ಪುಟ್ಟಿ ಪಕ್ಕದಲ್ಲೇ ನಿಂತಿದ್ದಾಳೆ.

ನಿಮ್ಮ ಮಗ